ಬೀಗರಿಗೆಂದು ಕಟ್ಟಿದ ದಾರಿಬುತ್ತಿ

"ಗುರುಗಳೇ, ಅರಿವು ದೊಡ್ಡದೋ, ಭಕ್ತಿ ದೊಡ್ಡದೋ?" ಎಂದು ಚನ್ನವೀರ ಕೇಳಿದ. ಕೇಳಿದ ರೀತಿ ಪ್ರಶ್ನೆಯ ಹಾಗಿರಲಿಲ್ಲ, ಜಗಳದ ಹಾಗಿತ್ತು. "ಅಡಿವೆಪ್ಪ ಭಕ್ತಿ ಅನ್ನುತ್ತಾನೆ, ನಾನು ಅರಿವು ಅನ್ನುತ್ತೇನೆ. ಅವನು ನನ್ನನ್ನು ಗಿಳಿ ಎಂದ. ನಾನು ಅವನನ್ನು ಎಮ್ಮೆ ಎಂದೆ. ಇನ್ನು ಒಂದೇ ಮಠದಲ್ಲಿ ನಾವಿಬ್ಬರೂ ಇರಲಾಗದು. ಯಾರ ಮಾತು ಸರಿ ಎಂದು ಹೇಳಿಬಿಡಿ. ಇನ್ನೊಬ್ಬ ಇವತ್ತೇ ಹೊರಡಲಿ."

ಗುರುಗಳು ನಕ್ಕರು. "ಕೂತುಕೋ. ಇದಕ್ಕೊಂದು ಕತೆ ಇದೆ. ಇದನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಮೂರು ಲೋಕದಲ್ಲೂ ಇಲ್ಲ. ಯಾಕೆಂದರೆ ಇದು ಗೊತ್ತಿರುವುದು ನನಗೊಬ್ಬನಿಗೇ."

ಒಂದು ಊರಿನಲ್ಲಿ ಒಬ್ಬ ಮಿಠಾಯಿಗಾರನಿದ್ದ. ಅವನ ಬೂಂದಿಯ ವಾಸನೆಗೆ ಪಕ್ಕದೂರಿನ ಇರುವೆಗಳು ಸಂಸಾರ ಸಮೇತ ವಲಸೆ ಬಂದಿದ್ದವು. ಇದು ಅವನು ಹೇಳಿದ್ದಲ್ಲ, ಇರುವೆಗಳೇ ಹೇಳಿದ್ದು. ಅವನ ತಂಗಿಯ ಗಂಡ ಒಬ್ಬ ನೇಕಾರ. ಇಬ್ಬರೂ ಒಬ್ಬರನ್ನೊಬ್ಬರು 'ಭಾವ' ಎಂದೇ ಕರೆಯುತ್ತಿದ್ದರು. ನೇಕಾರನ ಮಗನಿಗೆ ಬೆಟ್ಟದಾಚೆಯ ಊರಿನಲ್ಲಿ ಹೆಣ್ಣು ಗೊತ್ತಾಯಿತು. ಬೀಗರ ಜೊತೆ ಮಾತು ಮುಗಿಸಿ ಬರಲು ಇಬ್ಬರೂ ಹೊರಟರು. ಅದು ಬಂಡಿ ಹತ್ತದ ಬೆಟ್ಟ. ನಡೆದೇ ಹೋಗಬೇಕು, ಕತ್ತಲಾಗುವ ಮೊದಲೇ ಇಳಿಯಬೇಕು.

"ದಾರಿಬುತ್ತಿ ನನ್ನದು," ಎಂದ ಮಿಠಾಯಿಗಾರ. ಜನ್ಮದಲ್ಲಿ ಮೊದಲ ಸಲ ತುಪ್ಪದ ಡಬ್ಬಿ ಮುಚ್ಚಿಟ್ಟ, ಸಕ್ಕರೆ ಮುಟ್ಟಲಿಲ್ಲ. ಬೆಟ್ಟ ಹತ್ತುವ ಹೊಟ್ಟೆಗೆ ಜಿಡ್ಡು ಭಾರ ಎಂದು ಅವನಿಗೆ ಗೊತ್ತಿತ್ತು. ಸಣ್ಣ ಉರಿಯಲ್ಲಿ ಶೇಂಗಾ ಹುರಿದ, ಉಜ್ಜಿ ಸಿಪ್ಪೆ ಊದಿದ. ಕುಂಬಳದ ಬೀಜ ಚಟಪಟ ಅನ್ನುವವರೆಗೆ ಬಾಣಲೆಯಲ್ಲಿ ಆಡಿಸಿದ. ಎಲ್ಲ ಆರಿದ ಮೇಲೆ ಪುಟಾಣಿ, ಕೊಬ್ಬರಿ ಚೂರು, ಬೆಲ್ಲದ ಹರಳು, ಕಪ್ಪು ಒಣದ್ರಾಕ್ಷಿ ಬೆರೆಸಿದ. ಬೆವರಿನಲ್ಲಿ ಹೋದದ್ದು ಮೈಗೆ ವಾಪಸು ಬರಲಿ ಎಂದು ಒಂದಿಷ್ಟು ಉಪ್ಪು ಉದುರಿಸಿದ. ಒಂದು ಮುಷ್ಟಿ ತಿಂದರೆ ಗುಡ್ಡ ಹತ್ತಬಹುದು, ಎರಡು ಮುಷ್ಟಿ ತಿಂದರೆ ಗುಡ್ಡವನ್ನೇ ಹೊತ್ತು ತರಬಹುದು. ಅಂಥ ಬುತ್ತಿ. ಚೀಲದ ತುಂಬ ತುಂಬಿ ನೋಡಿದ. ನೋಡಿದವನಿಗೆ ಮೋಹ ಹುಟ್ಟಿತು.

ಅರ್ಧ ಬೆಟ್ಟ ಹತ್ತಿದಾಗ ನೇಕಾರ ಕೈ ಚಾಚಿದ. "ಭಾವ, ಒಂದು ಮುಷ್ಟಿ ಕೊಡಿ. ಕಾಲು ನಡುಗುತ್ತಿದೆ."

"ಛೇ ಛೇ, ಇದು ಬೀಗರ ಅಂಗಳದಲ್ಲಿ ನಾಲ್ಕು ಜನರ ಎದುರು ಬಿಚ್ಚುವ ಗಂಟು ಭಾವ. ಜೋಲು ಬಿದ್ದ ಚೀಲ ನೋಡಿದರೆ ಅವರು ಏನಂದಾರು? ನೀರು ಕುಡಿಯಿರಿ."

"ಈ ಚೀಲದ ಮೇಲಿರುವ ಮಮತೆ ನಿಮಗೆ ನಿಮ್ಮ ತಂಗಿಯ ಮೇಲೂ ಇರಲಿಲ್ಲ," ಎಂದು ನೇಕಾರ ನೀರು ಕುಡಿದ.

ಮಿಠಾಯಿಗಾರನೂ ನೀರು ಕುಡಿದ. ತನ್ನ ಬುತ್ತಿಯನ್ನು ತಾನೂ ಮುಟ್ಟಲಿಲ್ಲ. ಅಷ್ಟು ನ್ಯಾಯವಂತ.

ಬೆಟ್ಟದ ನೆತ್ತಿಗೆ ಬಂದಾಗ ಹೊತ್ತು ಇಳಿದಿತ್ತು, ಮಂಜು ಕವಿದಿತ್ತು. ದಾರಿ ಅಲ್ಲಿ ಎರಡಾಗಿತ್ತು. ನೇಕಾರ ಎಡಕ್ಕೆ ಎಂದ. ಮಿಠಾಯಿಗಾರ ಬಲಕ್ಕೆ ಎಂದ. ಇಬ್ಬರೂ ಈ ಬೆಟ್ಟವನ್ನು ಮೊದಲು ಕಂಡವರಲ್ಲ. ಆದರೂ ಮಿಠಾಯಿಗಾರನ ಕಿವಿ ಗುಂಯ್‌ಗುಡುತ್ತಿತ್ತು, ಬೆರಳು ತಣ್ಣಗಾಗಿತ್ತು, ದಾರಿ ಬಲಕ್ಕೇ ಇದೆ ಎಂಬ ಖಾತ್ರಿ ಮಾತ್ರ ಬೆಳೆಯುತ್ತಲೇ ಇತ್ತು. ಯಾವ ಪಾಕದ ಎಳೆಯ ಬಗ್ಗೆಯೂ ಅವನಿಗೆ ಅಷ್ಟು ಖಾತ್ರಿ ಇದ್ದಿರಲಿಲ್ಲ. ನೇಕಾರನ ಕಾಲಿಗೆ ತಾಗಿದ ಕಲ್ಲೊಂದು ಉರುಳಿ ಮಂಜಿನೊಳಗೆ ಹೋಯಿತು. ಕೆಳಗೆ ಬಿದ್ದ ಸದ್ದು ಬರಲೇ ಇಲ್ಲ. ಇಬ್ಬರೂ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

"ಏ ಮಿಠಾಯಿ, ಒಲೆಯ ಮುಂದೆ ಕೂತು ಕೊಬ್ಬಿದವನೇ, ನಿನಗೇನು ಗೊತ್ತು ದಾರಿ?"

"ನಿನಗೆ ಗೊತ್ತೇನೋ? ಹುಟ್ಟಿದಂದಿನಿಂದ ಲಾಳಿಯ ಹಾಗೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಮಗ್ಗದ ಗುಣಿಯಿಂದ ಎದ್ದು ಊರಾದರೂ ನೋಡಿದ್ದೀಯಾ?"

'ಭಾವ' ಎಂಬ ಮಾತು ಎಲ್ಲಿ ಬಿದ್ದುಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. ನೇಕಾರ ಚೀಲ ಕಿತ್ತುಕೊಂಡ. ಬಂಡೆಯ ಅಂಚಿಗೆ ಹೋಗಿ ಅದನ್ನು ಮಂಜಿನ ಮೇಲೆ ಹಿಡಿದ. ಮಿಠಾಯಿಗಾರ ಕೋಲು ಎತ್ತಿದ. ಹೊಡೆದೇ ಬಿಡುತ್ತೇನೆ ಎಂದು ಅವನಿಗೆ ಗೊತ್ತಾಯಿತು. ಆ ಕೋಲಿನ ಕೆಳಗಿರುವುದು ತಂಗಿಯ ತಾಳಿ ಎಂಬುದು ನೆನಪಿಗೆ ಬರಲಿಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಚೀಲದ ಮೂಲೆ. ಎಳೆದ. ಅವನೂ ಎಳೆದ. ಬಟ್ಟೆ ನೇಕಾರನೇ ನೇಯ್ದದ್ದು, ಹರಿಯಲಿಲ್ಲ. ಹೊಲಿಗೆ ಬಿಟ್ಟಿತು. ಬುತ್ತಿಯಲ್ಲಿ ಅರ್ಧ ಬಂಡೆಯ ಮೇಲೆಲ್ಲ ಚೆಲ್ಲಿತು.

ಮಿಠಾಯಿಗಾರ ಕೋಲು ಬಿಸುಟು ಮಂಡಿಯೂರಿದ. ನೇಕಾರನೂ ಕುಕ್ಕರಿಸಿದ. ಅವನಿಗೆ ಸಿಗಬಾರದು ಎಂದು ಇವನು ಬಾಯಿಗೆ ತುಂಬಿಕೊಂಡ. ಇವನಿಗೆ ಸಿಗಬಾರದು ಎಂದು ಅವನು ತುಂಬಿಕೊಂಡ. ಬಾಯಿ ತುಂಬಿದ ಮೇಲೆ ಬೈಯಲಾಗಲಿಲ್ಲ. ಅಗಿದರು. ಮತ್ತೆ ತುಂಬಿಕೊಂಡರು, ಮತ್ತೆ ಅಗಿದರು. ಕಿವಿಯೊಳಗಿನ ಗುಂಯ್ ನಿಂತಿತು. ಕೋಲು ಯಾಕೆ ಎತ್ತಿದೆ ಎಂದು ಮಿಠಾಯಿಗಾರ ಹುಡುಕಿದ. ಕಾರಣ ಇತ್ತು, ದೊಡ್ಡದೇ ಇತ್ತು. ಈಗ ಮಾತ್ರ ಸಿಗಲಿಲ್ಲ.

ಬೆರಳಿಗೆ ಒಂದು ಒಣದ್ರಾಕ್ಷಿ ಸಿಕ್ಕಿತು. ತುಟಿಯವರೆಗೆ ಹೋದ ಕೈ ಅಲ್ಲೇ ನಿಂತಿತು.

"ಭಾವ, ನಾನು ಹಾಕಿದ್ದು ಒಣಗಿದ ದ್ರಾಕ್ಷಿ. ಇದು ಬೆಚ್ಚಗಿದೆ."

ನೇಕಾರ ಬಗ್ಗಿ ಮೂಸಿದ. "ಭಾವ, ಕೆಳಗಿಡಿ. ಆಡಿನ ಹಿಕ್ಕೆ ಅದು."

ಇಬ್ಬರೂ ಮುಖ ಮುಖ ನೋಡಿಕೊಂಡರು. ಹಿಕ್ಕೆ ಬೆಚ್ಚಗಿದೆ ಎಂದರೆ ಆಡುಗಳು ಈಗಷ್ಟೇ ಹೋಗಿವೆ. ಸಂಜೆ ಹೊತ್ತಿಗೆ ಆಡುಗಳು ಹೋಗುವುದು ಮನೆಗೆ. ಹಿಕ್ಕೆಯ ಸಾಲು ಎಡಕ್ಕೂ ಹೋಗಿರಲಿಲ್ಲ, ಬಲಕ್ಕೂ ಹೋಗಿರಲಿಲ್ಲ. ಎರಡರ ನಡುವೆ, ಒಂದು ಪೊದೆಯ ಕೆಳಗೆ ನುಸುಳಿತ್ತು. ಉಳಿದ ಬುತ್ತಿಯನ್ನು ಗಂಟು ಬಿಗಿದು, ಬಗ್ಗಿ ನುಸುಳಿ ಇಬ್ಬರೂ ಕೆಳಗಿಳಿದರು.

ಬೀಗರು ಸಂಗತಿ ಕೇಳಿ ಎದೆಯ ಮೇಲೆ ಕೈ ಇಟ್ಟುಕೊಂಡರು. "ಸದ್ಯ, ಬದುಕಿದಿರಿ. ಎಡಕ್ಕೆ ಹೋದವರ ಎಲುಬೂ ಬಲಕ್ಕೆ ಹೋದವರ ಎಲುಬೂ ಅಲ್ಲಿ ಒಂದೇ ಕೊರಕಲಿನಲ್ಲಿ ಬಿದ್ದಿವೆ."

ಜೋಲು ಬಿದ್ದ ಚೀಲವನ್ನು ಅಂಗಳದಲ್ಲಿ ಬಿಚ್ಚಿದರು. ಎಲ್ಲರೂ ಹೊಗಳಿ ತಿಂದರು. ನೇಕಾರ ಮಾತ್ರ ದ್ರಾಕ್ಷಿಗಳನ್ನು ಒಂದೊಂದಾಗಿ ಮೂಸಿ ತಿಂದ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ನಗಲಿಲ್ಲ. "ಆಡು, ಹಿಕ್ಕೆ! ನಾನು ಕೇಳಿದ್ದೇನು, ನೀವು ಹೇಳುತ್ತಿರುವುದೇನು? ಅರಿವೋ ಭಕ್ತಿಯೋ, ಒಂದು ಹೇಳಿ. ಆ ಎಮ್ಮೆ ಹೊರಡಬೇಕೋ, ನಾನು ಹೊರಡಬೇಕೋ?"

ಗುರುಗಳು ಅವನ ಮುಖವನ್ನು ನೋಡಿದರು. ಆಮೇಲೆ ಕೇಳಿದರು.

"ಅದನ್ನು ಹೇಳುತ್ತೇನಪ್ಪ, ಮೊದಲು ಇದನ್ನು ಹೇಳು: ಇವತ್ತು ನೀವಿಬ್ಬರೂ ಏನಾದರೂ ತಿಂದಿದ್ದೀರಾ?"