ಮತ್ತಿಯ ಹಲಗೆಗೆ ಸುರಿದ ನೀರು

“ಗುರುಗಳೇ, ಇಷ್ಟು ಕಾಲ ಕುಳಿತರೂ ನನ್ನ ಮನಸ್ಸು ಏಕೆ ನೆಲೆ ನಿಲ್ಲುತ್ತಿಲ್ಲ?” ಎಂದು ಶಿಷ್ಯ ಕೇಳಿದ.

ಅವನ ದನಿಯಲ್ಲಿ ಬೇಸರವಿತ್ತು. ಬೆಳಗಿನಿಂದ ಮಠದ ಜಗಲಿಯಲ್ಲಿ ಯಾತ್ರಿಕರ ಗುಂಪೊಂದು ಅವನ ಸುತ್ತ ಕುಳಿತಿತ್ತು. ಧ್ಯಾನದಲ್ಲಿ ತಾನು ಕಂಡದ್ದನ್ನೆಲ್ಲ ಅವರಿಗೆ ಹೇಳಿ, ಅವರನ್ನು ಬೀಳ್ಕೊಟ್ಟು, ಆಗಷ್ಟೇ ಒಳಗೆ ಬಂದಿದ್ದ.

“ಒಂದು ದಿನ ಮನಸ್ಸು ತಿಳಿಯಾಗುತ್ತದೆ. ಇನ್ನೇನು ದಕ್ಕಿತು ಅನ್ನುವಷ್ಟರಲ್ಲಿ ಮೊದಲಿನ ಹಾಗೇ ಕದಡುತ್ತದೆ. ತಪ್ಪು ನನ್ನದೋ, ನೀವು ತೋರಿದ ದಾರಿಯದೋ ತಿಳಿಯದು.”

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಕುಳಿತುಕೋ. ಕಾಯಿ ಸುಲಿ,” ಎಂದು ಮೊರವನ್ನು ಅವನತ್ತ ತಳ್ಳಿ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಆ ಊರಿನ ಬಾಗಿಲುಗಳೆಲ್ಲ ಅವನ ಕೈಯವು. ಅವನ ಮನೆಗೆ ಮಾತ್ರ ಬಾಗಿಲಿರಲಿಲ್ಲ. ಹೊಸಿಲಿಗೆ ಒಂದು ಬಿದಿರ ತಟ್ಟಿ ಒರಗಿಸಿತ್ತು. ಗಾಳಿ ಬೀಸಿದರೆ ತಟ್ಟಿ ಬೀಳುತ್ತಿತ್ತು. ತಟ್ಟಿ ಬಿದ್ದರೆ ಬೀದಿ ನಾಯಿ ಒಳಗೆ ನುಗ್ಗುತ್ತಿತ್ತು. ಬಡಗಿಯ ಹೆಂಡತಿ ಹಿಟ್ಟಿನ ಕೈಯಲ್ಲೇ ಎದ್ದು ನಾಯಿ ಅಟ್ಟುತ್ತಿದ್ದಳು. ಮದುವೆಯಾಗಿ ಬಂದ ದಿನದಿಂದ ಅವಳು ಗಂಡನನ್ನು ಕೇಳಿದ್ದು ಒಂದೇ, ಬಾಗಿಲು. ಸೀರೆ ಕೇಳಲಿಲ್ಲ, ಓಲೆ ಕೇಳಲಿಲ್ಲ. ಒಳಗಿನಿಂದ ಅಗುಳಿ ಹಾಕಿಕೊಂಡು ಒಂದು ದಿನವಾದರೂ ನೆಮ್ಮದಿಯಾಗಿ ಉಣ್ಣಬೇಕು ಎಂದಷ್ಟೇ ಅವಳ ಆಸೆ.

“ಒಳ್ಳೆಯ ಮರ ಸಿಗಲಿ, ಮಾಡೋಣ,” ಎನ್ನುತ್ತಿದ್ದ ಬಡಗಿ.

ಒಂದು ಮಳೆಗಾಲದಲ್ಲಿ ಕೆರೆ ಏರಿಯ ಹಳೆಯ ಮತ್ತಿ ಮರ ಗಾಳಿಗೆ ಉರುಳಿತು. ಊರಿನವರು ಅದನ್ನು ಬಡಗಿಗೇ ಬಿಟ್ಟುಕೊಟ್ಟರು. “ನಿನಗಲ್ಲಪ್ಪ, ನಿನ್ನ ಹೆಂಡತಿಗೆ. ಆ ತಾಯಿ ಇನ್ನೆಷ್ಟು ದಿನ ನಾಯಿ ಕಾಯಬೇಕು?” ಎಂದ ಊರಗೌಡ.

ಬಡಗಿ ಗುಂಡಿ ತೋಡಿಸಿ ಅದರ ಮೇಲೆ ದಿಮ್ಮಿ ಏರಿಸಿದ. ಮರ ಕೊಯ್ಯುವ ಇಬ್ಬರು, ಒಬ್ಬ ದಿಮ್ಮಿಯ ಮೇಲೆ, ಒಬ್ಬ ಗುಂಡಿಯೊಳಗೆ ನಿಂತು ಉದ್ದನೆಯ ಗರಗಸ ಎಳೆದರು. ಬುಡದ ಕಡೆಯ ಹಲಗೆಗಳು ಸಾದಾ ಇದ್ದವು. ಕವಲೊಡೆದ ಭಾಗವನ್ನು ಸೀಳಿದಾಗ ಸುಳಿ ಕಂಡಿತು. ಕಪ್ಪು ಗೆರೆಗಳು ಮಡುವಿನ ನೀರಿನ ಹಾಗೆ ಸುತ್ತಿಕೊಂಡಿದ್ದವು. ಗುಂಡಿಯಲ್ಲಿದ್ದವನೂ ಗರಗಸ ಬಿಟ್ಟು ಮೇಲೆ ಹತ್ತಿ ಬಂದು ನೋಡಿದ.

ಬಡಗಿ ಕೆಲಸ ಬಲ್ಲವನು. ಹಲಗೆಗಳನ್ನು ಕೊಟ್ಟಿಗೆಯ ಸೂರಿನ ಕೆಳಗೆ ನೆರಳಿನಲ್ಲಿ ಪೇರಿಸಿದ. ಗಾಳಿ ಆಡಲೆಂದು ಹಲಗೆ ಹಲಗೆಯ ನಡುವೆ ಬಿದಿರಿನ ಸೀಳು ಇಟ್ಟ. ತುದಿಗಳು ಬಿರಿಯದಿರಲೆಂದು ಸಗಣಿ, ಮಣ್ಣು ಮೆತ್ತಿದ. ಬಾಗದಿರಲೆಂದು ಮೇಲೆ ಕಲ್ಲು ಹೇರಿದ.

“ಸುಳಿಯ ಹಲಗೆ ಅಡಿಯಲ್ಲಿ ಇರಬೇಕಲ್ಲವೇ? ಭಾರ ಚೆನ್ನಾಗಿ ಬೀಳುತ್ತದೆ,” ಎಂದಳು ಹೆಂಡತಿ. ಬಡಗಿಯ ಮನೆಯಲ್ಲಿ ಇದ್ದು ಇದ್ದು ಅವಳಿಗೂ ಇಷ್ಟು ಗೊತ್ತಿತ್ತು.

“ಇರಲಿ, ಮೇಲಿರಲಿ,” ಎಂದ ಬಡಗಿ. “ಒಣಗುವ ತನಕ ಇದನ್ನು ಯಾರೂ ಮುಟ್ಟಬಾರದು. ಮತ್ತಿ ಹಟಮಾರಿ ಮರ. ಅವಸರ ಮಾಡಿದರೆ ಸೀಳುತ್ತದೆ.”

ಇಷ್ಟು ಕಾಲ ಕಾದವಳು ಇನ್ನಷ್ಟು ಕಾಯಲು ಒಪ್ಪಿದಳು.

ಮೊದಲು ಬಂದವನು ಪಕ್ಕದೂರಿನ ಕಮ್ಮಾರ. ಹೆಂಡತಿ ಬೆಲ್ಲದ ಚೂರು, ಚೊಂಬಿನಲ್ಲಿ ನೀರು ತಂದಿಟ್ಟಳು. ಮತ್ತಿಯಲ್ಲಿ ಸುಳಿ ಬಂದಿದೆಯಂತೆ, ನೋಡೋಣ ಎಂದ ಕಮ್ಮಾರ. ಬಡಗಿ ಕಲ್ಲು ಇಳಿಸಿ ಹಲಗೆ ಎತ್ತಿ ನಿಲ್ಲಿಸಿದ. ಗರಗಸದ ಹೊಟ್ಟು ಮೆತ್ತಿ ಹಲಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಏನೂ ಕಾಣಲಿಲ್ಲ.

“ಇಷ್ಟೇನಾ?” ಎಂದ ಕಮ್ಮಾರ.

ಬಡಗಿಗೆ ಆ ಮಾತು ನಾಟಿತು. ಚೊಂಬು ಎತ್ತಿ ನೀರನ್ನು ಹಲಗೆಯ ಮೇಲೆ ಸುರಿದ. ಸುಳಿ ಎದ್ದು ಬಂತು. ಕಮ್ಮಾರ ಬೆಲ್ಲ ಅಗಿಯುವುದನ್ನು ನಿಲ್ಲಿಸಿದ. ಬಡಗಿ ಹೆಗಲ ವಸ್ತ್ರದಿಂದ ಹಲಗೆ ಒರೆಸಿ, ಮೊದಲಿನ ಹಾಗೆ ಇಟ್ಟು ಕಲ್ಲು ಹೇರಿದ.

ಕಮ್ಮಾರ ಹೋಗಿ ನಾಲ್ಕು ಜನರಿಗೆ ಹೇಳಿದ. ಆ ನಾಲ್ವರೂ ಬಂದರು. ಬೀಗರು ಬಂದರು. ಬಳೆಗಾರ ಬಂದ. ಪೂಜಾರಿ ಬಂದ. ಬಂದವರಿಗೆಲ್ಲ ಬೆಲ್ಲ, ನೀರು. ಅರ್ಧ ನೀರು ಅವರ ಗಂಟಲಿಗೆ, ಅರ್ಧ ನೀರು ಹಲಗೆಗೆ. ಕೆರೆಯಿಂದ ನೀರು ಹೊತ್ತು ತರುವವಳು ಹೆಂಡತಿ.

ಒಂದು ದಿನ ಅವಳು ಕೊಡವನ್ನು ದೊಪ್ಪನೆ ಇಳಿಸಿದಳು.

“ಏನ್ರೀ, ಹಸಿ ಮರ ಬಾಗಿಲಿಗೆ ಆಗದು ಎಂದು ಊರಿಗೆಲ್ಲ ಹೇಳುವವರು ನೀವು. ನಿಮ್ಮ ಮರಕ್ಕೆ ನೀವೇ ದಿನಾ ಸ್ನಾನ ಮಾಡಿಸುತ್ತೀರಲ್ಲ?”

“ಒರೆಸಿ ಇಡುತ್ತೇನಲ್ಲ ಇವಳೇ. ಒಂದು ಚೊಂಬು ನೀರಿಗೆ ಮರ ಕರಗುತ್ತದೆಯೇ?”

“ನೆಂಟರಿಗೊಂದು ಚೊಂಬು. ನೆಂಟರು ಒಬ್ಬರೇ?”

“ನೀನು ಬೆಲ್ಲ ಕೊಟ್ಟರೆ ಬರದೆ ಏನು ಮಾಡುತ್ತಾರೆ?”

ಅವಳು ಬೆಲ್ಲ ಕೊಡುವುದನ್ನು ನಿಲ್ಲಿಸಿದಳು. ಜನ ಬರುವುದು ನಿಲ್ಲಲಿಲ್ಲ. ಚೊಂಬು ಬಚ್ಚಿಟ್ಟಳು. ಅವನು ಎತ್ತಿನ ಬಾನಿಯಿಂದ ಬೊಗಸೆಯಲ್ಲಿ ನೀರು ತಂದ. ಹಲಗೆಗಳ ಮೇಲೆ ಮುಳ್ಳಿನ ಕೊಂಬೆ ಎಳೆದು ಹಾಕಿದಳು. ಅವನು ಕೊಂಬೆ ಸರಿಸಿ ದಾರಿ ಮಾಡಿದ. ಅಂಗೈಗೆ ಮುಳ್ಳು ಚುಚ್ಚಿದಾಗ ಅವಳನ್ನೇ ಬೈದ.

ಆಗಾಗ ಬಡಗಿ ಸುಳಿಯ ಹಲಗೆಯನ್ನು ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದ. ಒಣಗಿದ ಮರ ಟಣ್ ಎನ್ನಬೇಕು. ಅದು ಬೊದ್ ಎನ್ನುತ್ತಿತ್ತು. ಮಳೆಗಾಲ ಹೋಯಿತು, ಬೇಸಿಗೆ ಬಂತು, ಇನ್ನೊಂದು ಮಳೆಗಾಲವೂ ಹೋಯಿತು. ಹಲಗೆ ಬೊದ್ ಎನ್ನುತ್ತಲೇ ಇತ್ತು. “ಈ ಮರದ ಜಾತಿಯೇ ಇಷ್ಟು,” ಎಂದು ಬಡಗಿ ಸಿಡುಕಿದ. ಕೆರೆಯ ಥಂಡಿಯನ್ನು ಬೈದ. ಕೊಯ್ದವರ ಗರಗಸವನ್ನು ಬೈದ.

ಅಡಿಯ ಸಾದಾ ಹಲಗೆಯನ್ನು ಯಾರೂ ತೋರಿಸು ಎಂದಿರಲಿಲ್ಲ. ಹೆಂಡತಿ ಒಂದು ದಿನ ಬಗ್ಗಿ ಅದನ್ನು ತಟ್ಟಿದಳು. ಟಣ್ ಎಂದಿತು. ಅದನ್ನು ಎಳೆದು ತಂದು ಅಡುಗೆಮನೆಯ ಗೋಡೆಯ ಪಕ್ಕ ಕಲ್ಲುಗಳ ಮೇಲೆ ಅಡ್ಡ ಇಟ್ಟು, ಅದರ ಮೇಲೆ ಪಾತ್ರೆ ಜೋಡಿಸಿದಳು.

ಒಂದು ಮಧ್ಯಾಹ್ನ ಬೀದಿಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಕೊಟ್ಟಿಗೆಯ ಕಡೆ ಬಂದಳು. ಬಡಗಿ ಒಬ್ಬನೇ ಹಲಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಹಲಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಈಗ ಯಾರು ಬಂದಿದ್ದಾರೆ?” ಎಂದಳು.

“ಯಾರೂ ಇಲ್ಲ,” ಎಂದ ಬಡಗಿ. “ಸುಳಿ ಇದೆಯೋ ಇಲ್ಲವೋ ನೋಡುತ್ತಿದ್ದೆ.”

ಅವಳಿಗೆ ಆ ದಿನ ಸಾಕಾಯಿತು. “ಬರುವ ಯುಗಾದಿಗೆ ಹೊಸಿಲಲ್ಲಿ ಬಾಗಿಲಿರಬೇಕು. ಇಲ್ಲವಾದರೆ ನಾನು ಅಣ್ಣನ ಮನೆಯಲ್ಲಿರುತ್ತೇನೆ. ತಟ್ಟಿ ನೀವು ಕಾಯಿರಿ, ಹಲಗೆಯನ್ನು ನಾಯಿಗೆ ತೋರಿಸಿ,” ಎಂದಳು.

ಸುಳಿಯ ಹಲಗೆ ಇನ್ನೂ ಒಣಗಿಲ್ಲವೆಂದು ಬಡಗಿಗೆ ಗೊತ್ತಿತ್ತು. ಸಾದಾ ಹಲಗೆಗಳಲ್ಲೇ ಮಾಡಿ, ಸಾಕು ಎಂದಳು ಅವಳು. ಅವನು ಒಪ್ಪಲಿಲ್ಲ. ಇಷ್ಟು ಜನ ನೋಡಿದ ಹಲಗೆ ಅದು. ಯುಗಾದಿಗೆ ಅದರಲ್ಲೇ ಬಾಗಿಲು ಮಾಡಿ ನಿಲ್ಲಿಸಿದ. ಎಣ್ಣೆ ಉಜ್ಜಿದ. ಊರಿಗೆ ಊರೇ ಬಂದು ನೋಡಿತು. ಅಂಥ ಬಾಗಿಲು ಆ ಸೀಮೆಯಲ್ಲಿ ಇರಲಿಲ್ಲ. ಎಲ್ಲರೂ ಹೋದ ಮೇಲೆ ಹೆಂಡತಿ ಅಗುಳಿ ಹಾಕಿದಳು. ಬಾಗಿಲಿಗೆ ಬೆನ್ನು ಆನಿಸಿ ಕುಳಿತು ಉಂಡಳು.

ಬಿಸಿಲು ಏರಿತು. ಬಾಗಿಲಿನ ಕೆಳಗಿನ ಮೂಲೆ ಚೌಕಟ್ಟು ಬಿಟ್ಟು ಹೊರಕ್ಕೆ ಬಾಗಿತು. ಅಗುಳಿ ತೂತಿಗೆ ಕೂರಲಿಲ್ಲ. ಒಂದು ದಿನ ಒಲೆಯ ಮುಂದಿದ್ದ ಹೆಂಡತಿಗೆ ಬಡಿಗೆ ಮುರಿದಂಥ ಸದ್ದು ಕೇಳಿತು. ಬಂದು ನೋಡಿದಳು. ನೀರು ಎಲ್ಲಿ ಹೆಚ್ಚು ಬಿದ್ದಿತ್ತೋ ಅಲ್ಲೇ, ಸುಳಿಯ ನಡುವೆ, ಬಾಗಿಲು ಮೇಲಿಂದ ಕೆಳಗೆ ಸೀಳಿತ್ತು.

ಮರುದಿನ ನಾಯಿ ಆ ಸಂದಿಯಲ್ಲಿ ಮೂತಿ ತೂರಿಸಿತು. ಆಮೇಲೆ ಮೈ ತೂರಿಸಿತು.

ಹೆಂಡತಿ ಅಣ್ಣನ ಮನೆಗೆ ಹೋಗಲಿಲ್ಲ. ಅಟ್ಟದಿಂದ ಹಳೆಯ ತಟ್ಟಿ ಇಳಿಸಿ, ದೂಳು ಕೊಡವಿ, ಬಾಗಿಲಿನ ಮುಂದೆ ಒರಗಿಸಿದಳು. ಬಾಗಿಲು ನೋಡಲು ಆಗಲೂ ಒಬ್ಬಿಬ್ಬರು ಬರುತ್ತಿದ್ದರು. ಬಡಗಿ ತಟ್ಟಿ ಸರಿಸಿ ತೋರಿಸುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಎಂಥ ಮೂಢ! ಎಲ್ಲ ಬಲ್ಲವನು. ಒಣಗುವ ತನಕ ಮುಚ್ಚಿಟ್ಟು ಸುಮ್ಮನಿರಲು ಅವನಿಗೇನು ಧಾಡಿ?” ಎಂದ.

ಗುರುಗಳು ಮೊರದಲ್ಲಿದ್ದ ಸಿಪ್ಪೆಯನ್ನು ಒಂದು ಕಡೆ ಸರಿಸಿದರು.

“ಬೆಳಿಗ್ಗೆ ಜಗಲಿಯಲ್ಲಿ ನೀನು ಎಷ್ಟು ಚೊಂಬು ಸುರಿದೆ?”