ದೇಸಾಯರ ಚಿತ್ರದ ಕಾಲು

ಪುಣೆಗೆ ಹೋಗಿ ನೆಲೆಸಿದ್ದ ದೇಸಾಯರ ಮನೆತನದ ಹಳೇ ಚಿತ್ರಗಳು ಲಾರಿಯಲ್ಲಿ ಊರ ವಾಡೆಗೆ ಮರಳಿ ಬಂದ ದಿನ, ಸಂಗನಬಸಪ್ಪಜ್ಜ ಎದುರಿನ ಚಹಾ ಅಂಗಡಿಯ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ.

"ಹಿರಿಯ ದೇಸಾಯರ ಚಿತ್ರ ಬರ್ತದಲ್ಲ, ಅದರಲ್ಲಿ ತಲೆಯೊಂದೇ ಅವರದು," ಎಂದ. "ಕುತ್ತಿಗೆಯಿಂದ ಕೆಳಗೆ ಪೂರಾ ನಮ್ಮಜ್ಜ ಹುಚ್ಚೀರಪ್ಪ."

ಕಂಡವರು ಯಾರೂ ಉಳಿದಿಲ್ಲ. ಅಲ್ಲ ಅನ್ನುವವರು ಯಾರು? ಅಂಗಡಿಯ ಪಾರವ್ವ ಚಹಾ ಸೋಸುತ್ತ ಹೂಂಗುಟ್ಟಿದಳು. ಅಜ್ಜನಿಗೆ ಅಷ್ಟು ಸಾಕಾಯಿತು.

ಹಿರಿಯ ದೇಸಾಯರು ಭಾರೀ ಮೈಗಳ್ಳರಂತೆ. ಮುಖ ಬರೆಸಿಕೊಂಡವರೇ ಊಟಕ್ಕೆ ಎದ್ದು ಹೋದರು. ತಮ್ಮ ಜರಿಯಂಗಿ ತೊಡಿಸಿ ಆಳು ಹುಚ್ಚೀರಪ್ಪನನ್ನು ನಿಲ್ಲಿಸಿದರು. ದಣಿಗಳ ಜೋಡು ಅವನ ಕಾಲಿಗೆ ಹಿಡಿಯಲಿಲ್ಲ. ಬರಿಗಾಲಲ್ಲೇ ನಿಂತ. ಚಿತ್ರ ಬರೆಯುವವನು ಕಂಡದ್ದನ್ನು ಕಂಡಂತೆ ಬರೆದ.

ದಸರೆ ಬಂತು. ಊರೆಲ್ಲ ಬನ್ನಿ ಕೊಟ್ಟು ದಣಿಗಳ ಕಾಲು ಮುಟ್ಟುವ ಹಬ್ಬ. ಅಷ್ಟು ಹೊತ್ತು ನಿಲ್ಲುವವರು ಯಾರು? ದೇಸಾಯರು ಲೋಡಿಗೆ ಒರಗಿ ಅಪ್ಪಣೆ ಕೊಟ್ಟರು: "ಚಿತ್ರದ ಕಾಲಿಗೆ ಬನ್ನಿ ಇಟ್ಟು ಬೀಳಿ. ಬೀಳದವನ ಹೊಲ ನನ್ನದು."

ಎಲ್ಲರೂ ಬಿದ್ದರು. ದೇಸಾಯರ ಮಗನೂ ಬಿದ್ದ. ಹುಚ್ಚೀರಪ್ಪ ಮಾತ್ರ ಕೈಕಟ್ಟಿ ನಿಂತ. ಅವನಿಗಿದ್ದದ್ದು ಕೆರೆಯ ಕೆಳಗಿನ ಒಂದೇ ತುಂಡು ಹೊಲ.

"ಏನಲೇ, ಹೊಲ ಬೇಡವಾ?"

"ಬೇಕು ದಣಿ. ಕಾರಣವನ್ನು ಕಿವಿಯಲ್ಲಿ ಹೇಳಲಾ?"

"ಕಿವಿಯಲ್ಲಿ ಯಾಕೆ? ಜೋರಾಗಿ ಹೇಳು, ಊರು ಕೇಳಲಿ."

"ಹಂಗಾದರೆ ಹೇಳ್ತೀನಿ. ನನ್ನ ಕಾಲಿಗೆ ನಾನೇ ಹೇಗೆ ಬೀಳಲಿ ದಣಿ?" ಎಂದು ಎಡಗಾಲು ಮುಂದಿಟ್ಟ. ಕಟ್ಟಿಗೆ ಸೀಳುವಾಗ ಕೊಡಲಿ ಬಿದ್ದು ಕಿರುಬೆರಳು ಹೋಗಿತ್ತು. ಚಿತ್ರದ ಕಾಲಲ್ಲೂ ಕಿರುಬೆರಳಿಲ್ಲ. ಊರಿನ ಕಣ್ಣೆಲ್ಲ ಈಗ ದೇಸಾಯರ ಕಾಲಿನ ಮೇಲೆ. ಅವರು ಮೆಲ್ಲಗೆ ಕಾಲನ್ನು ಧೋತರದೊಳಗೆ ಎಳೆದುಕೊಂಡರು.

"ಚಿಕ್ಕ ದಣಿಗಳು ಈಗಷ್ಟೇ ನನ್ನ ಕಾಲು ಮುಟ್ಟಿದರು," ಎಂದ ಹುಚ್ಚೀರಪ್ಪ. "ತಂದೆಯ ಹಾಗೆ ಆಗಬೇಡಪ್ಪಾ ಅಂತ ಹರಸಿದ್ದೀನಿ."

ಊರು ನಕ್ಕಿತು. ದೇಸಾಯರೂ ನಗಲೇಬೇಕಾಯಿತು. ಹೊಲ ಉಳಿಯಿತು. ಮರುವರ್ಷದಿಂದ ಅವರೇ ಬಿಸಿಲಲ್ಲಿ ನಿಂತು ಬನ್ನಿ ತಗೊಂಡರು.

ಅಜ್ಜ ತಂಬಾಕು ಬಾಯಿಗಿಟ್ಟ. ಅಷ್ಟರಲ್ಲಿ ಲಾರಿಯಿಂದ ಹಿರಿಯ ದೇಸಾಯರು ಇಳಿದರು. ಪಾರವ್ವ ಹತ್ತಿರ ಹೋಗಿ ನೋಡಿ ಬಂದಳು.

"ಅಜ್ಜಾ, ದೇಸಾಯರು ಎದೆಯ ತನಕ ಅಷ್ಟೇ ಇದ್ದಾರೆ. ಕಾಲೇ ಇಲ್ಲವಲ್ಲ."

"ಇರ್ತದಾ ಮತ್ತೆ? ನಾಚಿಕೆಗೆ ಕತ್ತರಿಸಿ ಹಾಕಿದರು."

"ಎದೆಯ ಕೆಳಗೇ ಬರೆದವನ ಸಹಿ ಇದೆ. ಕತ್ತರಿಸಿದ್ದರೆ ಅದು ಹೇಗೆ ಉಳೀತು?"

ಅಜ್ಜ ಭುಜ ಹಾರಿಸಿದ.

"ಹೋಗಲಿ ಬಿಡು. ಎದೆ ನೋಡು, ಎಷ್ಟು ಅಗಲ ಅದೆ. ದೇಸಾಯರಿಗೆಲ್ಲಿಂದ ಬರಬೇಕು ಅದು?"