ಜೇನುಗೂಡಿನ ಬಾಗಿಲ ಕಾಯ್ದೆ

ಹುಣಸೆ ಪೊಟರೆಯ ಜೇನುಗೂಡಿಗೆ ಒಬ್ಬಳು ಕಾವಲಿನವಳಿದ್ದಳು. ಆಲೆಮನೆಗೆ ಹೋಗಿ ಹೊಗೆ ವಾಸನೆ ಹೊತ್ತು ಬಂದ ತನ್ನ ಗೂಡಿನ ಜೇನನ್ನೇ ಕಳ್ಳಿ ಎಂದುಕೊಂಡು ಬಾಗಿಲಲ್ಲೇ ಕಚ್ಚಿ ಕೊಂದಳು.

ಗೂಡೆಲ್ಲ ಸೇರಿ ಕಾಯ್ದೆ ಮಾಡಿತು. ಇನ್ನು ಮೇಲೆ, ಬಂದವಳು ತಾನು ಎಲ್ಲಿಗೆ ಹೋಗಿದ್ದೆ ಎಂದು ಒಂದು ಸುತ್ತು ಜೇನಿನ ಕುಣಿತ ಕುಣಿದು ತೋರಿಸಲು ಕಾವಲಿನವಳು ಬಿಡಬೇಕು. ಕಚ್ಚಿದರೆ, ಯಾಕೆ ಕಚ್ಚಿದೆ ಎಂದು ಕಾವಲಿನವಳು ಎಲ್ಲರೆದುರು ಹೇಳಬೇಕು.

"ಭೇಷ್! ನಮ್ಮನ್ನು ತಿನ್ನೋ ಕಣಜದ ಹುಳ ಬಂದರೂ 'ಕುಣಿಯಮ್ಮ ತಾಯಿ' ಅನ್ನಬೇಕೋ?" ಎಂದು ಕಾವಲಿನವಳು ಸಿಡುಕಿದಳು. "ಅಷ್ಟರಲ್ಲಿ ನನ್ನ ತಲೆಯೇ ಇರುವುದಿಲ್ಲ."

"ಅದಕ್ಕೆ ನಮ್ಮ ಕುಣಿತ ಎಲ್ಲಿ ಬರುತ್ತೆ ತಂಗಿ?" ಎಂದಳು ಸತ್ತವಳ ಅಕ್ಕ. "ಅದು ಬಂದರೆ ಕಚ್ಚು, ನಾವೂ ಬರುತ್ತೇವೆ. ಆವತ್ತು ನನ್ನ ತಂಗಿಯನ್ನು ಯಾಕೆ ಕಚ್ಚಿದೆ, ಅದನ್ನು ಹೇಳು."

ಕಾವಲಿನವಳ ರೆಕ್ಕೆ ಇಳಿಬಿತ್ತು. "ಹೆದರಿಬಿಟ್ಟೆ ಅಕ್ಕ."

"ನಾವೂ ಹೆದರಿದ್ದೇವೆ, ನಿನಗೆ."

ಕಾವಲಿನ ಸರದಿ ಮುಗಿದು ಅವಳೂ ಹೂವಿಗೆ ಹೊರಟಳು. ಸಂಜೆ ಆಲೆಮನೆಯ ಹೊಗೆ ನಾರುತ್ತ ಮರಳಿದಾಗ ಬಾಗಿಲ ಕಾವಲಿಗೆ ಹೊಸಬಳೊಬ್ಬಳು ಕಚ್ಚಲು ಬಾಯಿ ತೆರೆದು ನಿಂತಿದ್ದಳು.

"ಕುಣಿ," ಎಂದಳು ಹೊಸಬಳು.

ಇವಳು ಕುಣಿದಳು, ಕುಣಿಯುತ್ತಲೇ ಇದ್ದಳು.

"ಸಾಕು, ಒಳಗೆ ನಡಿಯಕ್ಕ," ಎಂದು ಹೊಸಬಳು ದಾರಿ ಬಿಟ್ಟಳು. "ಕಾಯ್ದೆಯಲ್ಲಿ ಒಂದೇ ಸುತ್ತು ಇರೋದು."